ಹರಾಜಿನ ಸೀಮೆಯಲ್ಲಿ ಒಂದು ರುಜು

ಕೋಲಾರ ಜಿಲ್ಲೆಯನ್ನು ಚಿನ್ನದ ನಾಡು ಎಂದು ಕರೆಯುವುದು ಇನ್ನೂ ನಿಂತಿಲ್ಲ. ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಹೆಸರು ಮಾತ್ರ ಉಳಿದುಕೊಂಡಿದೆ. ಇವತ್ತು ಈ ಸೀಮೆಗೆ ಒಪ್ಪುವ ಹೆಸರು ಯಾವುದೆಂದು ನನ್ನನ್ನು ಕೇಳಿದರೆ ಹರಾಜಿನ ನಾಡು ಎಂದುಬಿಡುತ್ತೇನೆ. ಕೋಲಾರದಲ್ಲಿ ಟೊಮೆಟೊ ಹರಾಜು, ಶ್ರೀನಿವಾಸಪುರದಲ್ಲಿ ಮಾವಿನ ಹರಾಜು, ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ಹರಾಜು. ದೊಡ್ಡ ನದಿಯೊಂದೂ ಇಲ್ಲದ ಈ ಜಿಲ್ಲೆಯ ರೈತ, ಸಾವಿರಾರು ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತಿ ಬೆಳೆದ ಬೆಳೆಯ ಬೆಲೆಯನ್ನು ತಾನು ನಿರ್ಧರಿಸುವುದಿಲ್ಲ. ಯಾರೋ ಕೂಗುತ್ತಾರೆ, ಇನ್ಯಾರೋ ಏರಿಸುತ್ತಾರೆ, ಮೂರನೆಯವರು ಸುಮ್ಮನಾಗುತ್ತಾರೆ. ಅಲ್ಲಿಗೆ ಮೂರು ತಿಂಗಳ ಬೆವರಿನ ಲೆಕ್ಕ ಮುಗಿಯಿತು.

ಕೋಲಾರದ ಎಪಿಎಂಸಿ ಯಾರ್ಡನ್ನು ಹಂಗಾಮಿನಲ್ಲಿ ಒಮ್ಮೆ ನೋಡಬೇಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಇದೂ ಒಂದು. 15 ಕಿಲೋದ ಪ್ಲಾಸ್ಟಿಕ್ ಕ್ರೇಟುಗಳು ಸಾಲುಸಾಲಾಗಿ, ಮನುಷ್ಯನೆತ್ತರಕ್ಕೆ ನಿಂತಿರುತ್ತವೆ. ಹರಾಜು ಕೂಗುವವನು ಸಾಲಿನ ಉದ್ದಕ್ಕೂ ನಡೆಯುತ್ತಾನೆ, ಅವನ ಹಿಂದೆ ಖರೀದಿದಾರರ ಹಿಂಡು. ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲವೂ ಒಂದೇ ಉಸಿರಿನಲ್ಲಿ. 2023ರ ಜುಲೈನಲ್ಲಿ ಇಲ್ಲಿ ಒಂದು ಕ್ರೇಟಿನ ಬೆಲೆ 2,000 ರೂಪಾಯಿ ದಾಟಿದಾಗ ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕೂತವರಿದ್ದರು. ಅದೇ ಟೊಮೆಟೊ ಬೇರೆ ವರ್ಷಗಳಲ್ಲಿ ರಸ್ತೆ ಬದಿಗೆ ಸುರಿದದ್ದನ್ನೂ ಈ ಊರು ಕಂಡಿದೆ. ಆದರೆ ಬೆಲೆ ಏನೇ ಇರಲಿ, ಒಂದು ಪದ್ಧತಿ ತಪ್ಪುವುದಿಲ್ಲ. ಸವಾಲು ಕೂಗುವ ಮುನ್ನ ಖರೀದಿದಾರ ಕ್ರೇಟಿನೊಳಗೆ ಕೈ ಹಾಕುತ್ತಾನೆ. ಮೇಲಿನ ಹಣ್ಣನ್ನು ನೋಡುವುದಿಲ್ಲ, ಅಡಿಯಿಂದ ಒಂದನ್ನು ಎತ್ತುತ್ತಾನೆ. ಹೆಬ್ಬೆರಳಿನಿಂದ ಒತ್ತುತ್ತಾನೆ. ಆಮೇಲೆ ಬಾಯಿ ತೆರೆಯುತ್ತಾನೆ.

ಈ ಪದ್ಧತಿ ನನಗೆ ಹೊಸದಾಗಿ ಅರ್ಥವಾದದ್ದು 2025ರ ಜೂನ್‌ನಲ್ಲಿ, ತಮ್ಮನ ಮನೆಗೆ ಹೋಗಿದ್ದಾಗ. ತಮ್ಮ ಕೋಲಾರದ ಹತ್ತಿರದ ಹಳ್ಳಿಯಲ್ಲಿ ಟೊಮೆಟೊ ಬೆಳೆಯುತ್ತಾನೆ. ಅವನ ಮಗ ದ್ವಿತೀಯ ಪಿಯುಸಿ. ನಾನು ಹೋದ ದಿನ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿತ್ತು.

“ಅಣ್ಣ, ನೀನೇ ಹೇಳು. ಕಣ್ಣಲ್ಲಿ ನೋಡ್ದೇ ಇರೋ ಮಾಲಿಗೆ ಇವ್ನು ಸವಾಲು ಕೂಗ್ತಾನಂತೆ. ಅದೂ ಅಮೆರಿಕದ ಮಾಲಿಗೆ!” ಎಂದ ತಮ್ಮ.

ಹುಡುಗ ಮೊಬೈಲ್ ಮುಂದೆ ಹಿಡಿದ. “ದೊಡ್ಡಪ್ಪ, ನೋಡಿ. ಇನ್ನು ಮೂರೇ ದಿನ ಇರೋದು.”

ಪರದೆಯ ಮೇಲೆ ಇದ್ದದ್ದು ಒಂದು ಬೇಸ್‌ಬಾಲ್ ಕಾರ್ಡು. ಟೋಪಿ ಹಾಕಿದ ಆಟಗಾರನೊಬ್ಬನ ಚಿತ್ರ, ಅದರ ಅಡ್ಡಲಾಗಿ ನೀಲಿ ಶಾಯಿಯ ರುಜು. ಆಟಗಾರ ನಿವೃತ್ತನಾಗಿ ಬಹಳ ವರ್ಷವಾದ ಒಬ್ಬ ಪಿಚರ್, ಅಂದರೆ ಚೆಂಡೆಸೆಯುವವನು. ಸವಾಲು ಆಗ 26 ಡಾಲರ್‌ಗೆ ನಿಂತಿತ್ತು. ಕೋಲಾರದ ಹುಡುಗನಿಗೆ ಬೇಸ್‌ಬಾಲ್ ಹುಚ್ಚು ಎಲ್ಲಿಂದ ಬಂತು ಎಂದು ನಿಮಗೆ ಅನಿಸಬಹುದು. ಅವನ ಸೋದರಮಾವ ನ್ಯೂಜೆರ್ಸಿಯಲ್ಲಿದ್ದಾನೆ. ಒಮ್ಮೆ ಊರಿಗೆ ಬಂದಾಗ ನಲವತ್ತು ಕಾರ್ಡುಗಳ ಒಂದು ಕಟ್ಟನ್ನು ಕೊಟ್ಟು ಹೋಗಿದ್ದ. ಮೇಲಾಗಿ, ಉತ್ತರ ಪ್ರದೇಶದ ಹಳ್ಳಿಗಳಿಂದ ಹೋಗಿ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಂದಿಗೆ ಒಪ್ಪಂದಕ್ಕೆ ರುಜು ಹಾಕಿದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರ ಕಥೆಯ ಸಿನಿಮಾವನ್ನು ಅವನು ನೋಡಿದ್ದ. ಭರ್ಜಿ ಎಸೆಯುತ್ತಿದ್ದ ಹುಡುಗರು ಬೇಸ್‌ಬಾಲ್ ಎಸೆಯಲು ಕಲಿತ ಕಥೆ ಅದು. ಇಷ್ಟು ಸಾಕಲ್ಲ, ಹದಿನೇಳು ವರ್ಷದ ಮನಸ್ಸಿಗೆ?

ಕಾರ್ಡಿನ ಹುಚ್ಚು ಅಮೆರಿಕಕ್ಕೆ ಹಿಡಿದದ್ದು 19ನೇ ಶತಮಾನದ ಕೊನೆಯಲ್ಲಿ, ಸಿಗರೇಟು ಪೊಟ್ಟಣದ ಮೂಲಕ. ಪೊಟ್ಟಣ ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಆಟಗಾರರ ಚಿತ್ರ ಅಚ್ಚು ಹಾಕಿದರು. ಆಮೇಲೆ ಬಬಲ್ ಗಮ್ ಕಂಪನಿಗಳು ಅದನ್ನು ಮಕ್ಕಳ ಕೈಗಿತ್ತವು. ನಮ್ಮಲ್ಲೂ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿದ್ದ ಕಾಲವೊಂದಿತ್ತು, ಈಗಿನ ತಂದೆ ತಾಯಿಯರಿಗೆ ನೆನಪಿರುತ್ತದೆ. ವ್ಯತ್ಯಾಸವೆಂದರೆ ನಾವು ಅದನ್ನು ನೋಟುಬುಕ್ಕಿಗೆ ಅಂಟಿಸಿ ಹಾಳುಮಾಡಿದೆವು, ಅವರು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. 1909 ಮತ್ತು 1911ರ ನಡುವೆ ಅಚ್ಚಾದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದೇ ತಿಂಗಳು ಮಿಕಿ ಮ್ಯಾಂಟಲ್‌ನ 1952ರ ಕಾರ್ಡು 1.26 ಕೋಟಿ ಡಾಲರ್‌ಗೆ ಹೋಯಿತು. ಅಂಗೈಯಲ್ಲಿ ಹಿಡಿಸುವ ಒಂದು ಪುಟ್ಟ ರಟ್ಟು!

ರುಜು ಇರುವ ಕಾರ್ಡು ಇನ್ನೊಂದು ಕವಲು. ಮೊದಮೊದಲು ಮಕ್ಕಳೇ ಮೈದಾನದ ಬಾಗಿಲಲ್ಲಿ ಕಾದು ಹಾಕಿಸಿಕೊಂಡು ಬರುತ್ತಿದ್ದರು. 1990ರಲ್ಲಿ ಅಪ್ಪರ್ ಡೆಕ್ ಎಂಬ ಕಂಪನಿ ರೆಜಿ ಜಾಕ್ಸನ್ ಎಂಬ ಖ್ಯಾತ ಆಟಗಾರನ ಕೈಯಿಂದ 2,500 ಕಾರ್ಡುಗಳಿಗೆ ರುಜು ಹಾಕಿಸಿ, ಸಾಮಾನ್ಯ ಪೊಟ್ಟಣಗಳೊಳಗೆ ಬೆರೆಸಿಬಿಟ್ಟಿತು. ಲಾಟರಿ ಚೀಟಿಯಂತೆ ಜನ ಪೊಟ್ಟಣ ಹರಿದರು. ಅಲ್ಲಿಂದ ರುಜು ಕೂಡ ಕಾರ್ಖಾನೆಯ ಮಾಲಾಯಿತು. ಈಗಂತೂ ಆಟಗಾರ ಎಷ್ಟೋ ಸಲ ಕಾರ್ಡನ್ನು ಮುಟ್ಟುವುದೂ ಇಲ್ಲ. ಪಾರದರ್ಶಕ ಸ್ಟಿಕರ್ ಹಾಳೆಗಳ ಮೇಲೆ ಸಾಲಾಗಿ ರುಜು ಹಾಕಿ ಕೊಡುತ್ತಾನೆ, ಕಂಪನಿಯವರು ಬಿಡಿಸಿ ಅಂಟಿಸುತ್ತಾರೆ. ಅದಕ್ಕೇ, ಕಾರ್ಡಿನ ಮೇಲೆ ನೇರವಾಗಿ ಹಾಕಿದ ರುಜುವಿಗೆ ಬೆಲೆ ಹೆಚ್ಚು.

ಇವೆಲ್ಲ ಕೈಬದಲಾಗುವ ಸಂತೆಯೇ ಇಂಟರ್‌ನೆಟ್ ಹರಾಜು. 1995ರ ಸೆಪ್ಟೆಂಬರ್‌ನಲ್ಲಿ ಪಿಯರ್ ಒಮಿದ್ಯಾರ್ ಎಂಬ ಯುವಕ ಶುರುಮಾಡಿದ, ಮುಂದೆ ಈಬೇ ಎಂದು ಹೆಸರಾದ ತಾಣದಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್ ಎಂದು ಹೇಳುತ್ತಾರೆ. ಅದಕ್ಕೂ 14.83 ಡಾಲರ್ ಸಿಕ್ಕಿತಂತೆ. ಭಾರತದಲ್ಲಿ 2000ದಲ್ಲಿ ಬಾಝೀ ಎಂಬ ತಾಣ ಬಂತು, 2004ರಲ್ಲಿ ಈಬೇ ಅದನ್ನು ಕೊಂಡಿತು. ಆ ಈಬೇ ಇಂಡಿಯಾ 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಹೀಗಾಗಿ ನಮ್ಮ ಹುಡುಗರು ಈಗ ಇಂಥ ಕಾರ್ಡಿಗಾಗಿ ನೇರವಾಗಿ ಹೊರದೇಶದ ಹರಾಜಿಗೇ ಕೈ ಚಾಚಬೇಕು. ಕಾರ್ಡಿನ ಬೆಲೆಯ ಮೇಲೆ ಸಾಗಾಣಿಕೆ, ಕಸ್ಟಮ್ಸ್ ಸುಂಕ, ಬ್ಯಾಂಕಿನವರ ವಿನಿಮಯದ ಕಮಿಷನ್ ಎಲ್ಲ ಸೇರಿ 26 ಡಾಲರಿನ ಮಾಲು 50 ಆಗುವುದು ಕಷ್ಟವೇನಲ್ಲ.

ಹಾಗೆಂದು ಇಂಟರ್‌ನೆಟ್ ಹರಾಜು ಕೋಲಾರಕ್ಕೆ ಅಪರಿಚಿತ ಎಂದುಕೊಳ್ಳಬೇಡಿ. ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಿ ಇ-ಹರಾಜು ಬಂದು ವರ್ಷಗಳಾದವು. ರೈತ ಗೂಡನ್ನು ತೊಟ್ಟಿಗಳಲ್ಲಿ ಹರವುತ್ತಾನೆ, ಲಾಟ್ ನಂಬರು ಸಿಗುತ್ತದೆ, ರೀಲರುಗಳು ತಮ್ಮ ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಪಕ್ಕದವನು ಎಷ್ಟು ಒತ್ತಿದ ಎಂಬುದು ಕಾಣುವುದಿಲ್ಲ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಆದರೆ ಮೊಬೈಲ್ ಒತ್ತುವ ಮೊದಲು ರೀಲರ್ ಏನು ಮಾಡುತ್ತಾನೆ ಗೊತ್ತೇ? ತೊಟ್ಟಿಯ ಬಳಿ ಹೋಗಿ ಗೂಡನ್ನು ಕೈಗೆತ್ತಿಕೊಳ್ಳುತ್ತಾನೆ. ಅಲುಗಾಡಿಸಿ ನೋಡುತ್ತಾನೆ. ಬಿಡ್ ಇಂಟರ್‌ನೆಟ್‌ನಲ್ಲಿ, ಮಾಲು ಕಣ್ಣೆದುರಿಗೆ.

“ಅದನ್ನೇ ನಾನು ಹೇಳೋದು” ಎಂದ ತಮ್ಮ. “ಇವ್ನ ಹರಾಜಿನಲ್ಲಿ ಕ್ರೇಟಿನ ಅಡಿಗೆ ಕೈ ಹಾಕೋಕಾಗುತ್ತಾ?”

ಪ್ರಶ್ನೆ ಸರಿಯಾದದ್ದೇ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಒಂದು ತನಿಖೆ ನಡೆಸಿತು. ಕ್ಯಾಲಿಫೋರ್ನಿಯಾದ ಒಂದು ಜಾಲ ಆಟಗಾರರ ರುಜುಗಳನ್ನು ಸಾವಿರಗಟ್ಟಲೆ ನಕಲು ಮಾಡಿ ದೇಶಕ್ಕೆಲ್ಲ ಮಾರುತ್ತಿತ್ತು. ಸತ್ತು ದಶಕಗಳಾದ ಆಟಗಾರರ ಹೆಸರನ್ನು ಹಳೆಯ ಚೆಂಡಿನ ಮೇಲೆ ಹಳೆಯ ಬಣ್ಣ ಬರುವಂತೆ ಬರೆಯುತ್ತಿದ್ದರು. ಜೊತೆಗೊಂದು ಪ್ರಮಾಣಪತ್ರ. ಅದೂ ನಕಲಿಯೇ! ವಶಪಡಿಸಿಕೊಂಡ ಮಾಲಿನಲ್ಲಿ ಮದರ್ ತೆರೇಸಾ ರುಜು ಇರುವ ಬೇಸ್‌ಬಾಲೂ ಸಿಕ್ಕಿತ್ತು ಎಂದರೆ ಆ ಧೈರ್ಯವನ್ನು ಊಹಿಸಿಕೊಳ್ಳಿ. ಆಗ ಪೇಟೆಯಲ್ಲಿದ್ದ ರುಜುಗಳಲ್ಲಿ ಅರ್ಧಕ್ಕೂ ಹೆಚ್ಚು ಖೋಟಾ ಎಂದು ಆ ವ್ಯಾಪಾರ ಬಲ್ಲವರೇ ಅಂದಾಜು ಮಾಡಿದ್ದರು. ಹುಡುಗನ ಮುಖ ಸಣ್ಣದಾಯಿತು. ಅವನು ಅಟ್ಟಿಯಿಂದ ಅಟ್ಟಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು ಐದು ಸಾವಿರದ ಚಿಲ್ಲರೆ. ಅಪ್ಪನ ಬ್ಯಾಂಕ್ ಕಾರ್ಡು ಇಲ್ಲದೆ ಅದು ಅಮೆರಿಕಕ್ಕೆ ಹೋಗುವಂತಿರಲಿಲ್ಲ. ಹೋಗುವಂತಿದ್ದರೂ ಕಾನೂನು ಒಪ್ಪುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿದ ಕರಾರಿಗೆ ಬೆಲೆಯಿಲ್ಲ, ಹರಾಜಿನ ತಾಣಗಳೂ 18 ತುಂಬಿದವರನ್ನೇ ಕೇಳುತ್ತವೆ. ಮಕ್ಕಳು ತಂದೆಯ ಹೆಸರಿನಲ್ಲಿ ಗುಟ್ಟಾಗಿ ಸವಾಲು ಒತ್ತಿ, ಗೆದ್ದ ಮೇಲೆ ಕಣ್ಣೀರಿಡುವುದು ಬೇಡ. ಇವನು ಮೊದಲೇ ಅಪ್ಪನ ಮುಂದೆ ಹೇಳಿದ್ದು ನನಗೆ ಮೆಚ್ಚಿಗೆಯಾಯಿತು.

ಮರುದಿನ ತಮ್ಮನಿಗೆ ಇಟ್ಟಿಗೆಗಾಗಿ ಮಾಲೂರಿಗೆ ಹೋಗಬೇಕಿತ್ತು. ಅಲ್ಲಿಂದ ಬಂದು ಮುಳಬಾಗಿಲಿನ ನೆಂಟರ ಮನೆ, ಅದರ ಮರುದಿನ ಶ್ರೀನಿವಾಸಪುರದ ಮಾವಿನ ಮಂಡಿ. “ಬಾರೋ, ದೊಡ್ಡಪ್ಪನ ಜೊತೆ ನೀನೂ ಬಾ” ಎಂದು ಮಗನನ್ನೂ ಜೀಪಿಗೆ ಹತ್ತಿಸಿಕೊಂಡ.

ಅಚ್ಚಿನ ಹೆಸರು, ಕೈಯ ಹೆಸರು

ಕೋಲಾರದಿಂದ ಮಾಲೂರು ಸುಮಾರು 30 ಕಿಲೋಮೀಟರ್. ಬೆಂಗಳೂರಿನ ಮನೆಗಳಿಗೆ ಇಟ್ಟಿಗೆ, ಹೆಂಚು ಹೊರಿಸಿ ಕಳಿಸಿದ ಊರು ಇದು. ಈಗ ಕೈಗಾರಿಕಾ ಪ್ರದೇಶ ಬೆಳೆದು ಚಿಮಣಿಗಳ ಗುರುತೇ ಬದಲಾಗುತ್ತಿದೆ. ಆದರೂ ಇಟ್ಟಿಗೆ ಗೂಡಿನ ಮಣ್ಣಿನ ವಾಸನೆ ಪೂರ್ತಿ ಹೋಗಿಲ್ಲ. ಇಟ್ಟಿಗೆಯ ನಡುವಿನ ತಗ್ಗಿನಲ್ಲಿ ಗೂಡಿನವರ ಹೆಸರಿನ ಅಕ್ಷರ ಒತ್ತಿರುತ್ತದಲ್ಲ, ತಮ್ಮ ಬೆಲೆ ಮಾತಾಡುತ್ತಿದ್ದಾಗ ನಾನು ಅದನ್ನೇ ಹುಡುಗನಿಗೆ ತೋರಿಸಿದೆ. ಸಾವಿರ ಇಟ್ಟಿಗೆಯಲ್ಲೂ ಅದೇ ಅಕ್ಷರ, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಅದು ಹೆಸರು, ರುಜುವಲ್ಲ. ಬೇಸ್‌ಬಾಲ್ ಕಾರ್ಡಿನಲ್ಲೂ ಹೀಗೇ ಇದೆ. ಎಷ್ಟೋ ಹಳೆಯ ಕಾರ್ಡುಗಳ ಮೇಲೆ ಆಟಗಾರನ ರುಜುವನ್ನೇ ಅಚ್ಚು ಹಾಕಿರುತ್ತಾರೆ. ಹೊಸಬರು ಅದನ್ನು ಅಸಲಿ ಎಂದೇ ತಿಳಿದು ಮೋಸ ಹೋಗುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ಭೂತಗನ್ನಡಿ ಹಿಡಿದರೆ ಅಚ್ಚಿನ ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆದು ಕಾಣುತ್ತದೆ, ಲೇಖನಿಯ ಗೆರೆ ಅಖಂಡವಾಗಿರುತ್ತದೆ. ಇನ್ನು ಖೋಟಾ ರುಜು. ತನ್ನ ಹೆಸರನ್ನು ಲಕ್ಷ ಸಲ ಬರೆದವನ ಕೈ ಓಡುತ್ತದೆ, ಗೆರೆಯ ತುದಿ ಮೊನಚಾಗುತ್ತಾ ಹೋಗುತ್ತದೆ. ಬೇರೆಯವರ ಹೆಸರನ್ನು ನೋಡಿಕೊಂಡು ಬರೆಯುವವನ ಕೈ ತಡೆಯುತ್ತದೆ. ಅಲ್ಲಲ್ಲಿ ನಡುಗಿದ ಗುರುತು, ಮೊಂಡಾದ ಕೊನೆ. ಇವಲ್ಲದೆ ರಬ್ಬರ್ ಮುದ್ರೆ, ಕಾರ್ಯದರ್ಶಿ ಹಾಕಿದ ರುಜು, ಆಟೋಪೆನ್ ಎಂಬ ಯಂತ್ರ ಹಾಕಿದ ರುಜು ಎಂದೆಲ್ಲ ಬಗೆಗಳಿವೆ. ಇಷ್ಟೆಲ್ಲ ಪರೀಕ್ಷೆಗೆ ಕಾರ್ಡು ಕೈಯಲ್ಲಿರಬೇಕು. ಮೊಬೈಲಿನ ಚಿತ್ರದಲ್ಲಿ ಅರ್ಧ ಮಾತ್ರ ಗೊತ್ತಾಗುತ್ತದೆ.

ಮಾಲೂರು ತಾಲ್ಲೂಕು ಎಂದ ಮೇಲೆ ಮಾಸ್ತಿ ಎಂಬ ಊರನ್ನು ಬಿಡುವಂತಿಲ್ಲ. ಸಣ್ಣಕತೆಗಳ ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು 1891ರಲ್ಲಿ, ಈ ತಾಲ್ಲೂಕಿನಲ್ಲೇ. ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಬಂತು. ಹುಡುಗನಿಗೆ ಇದು ಪಠ್ಯದಲ್ಲಿ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದೆ. ಕತೆ ಬರೆದವರ ಹೆಸರು ‘ಶ್ರೀನಿವಾಸ’, ಮೈಸೂರು ಸಂಸ್ಥಾನದ ಕಡತಗಳಿಗೆ ರುಜು ಹಾಕಿದವರು ವೆಂಕಟೇಶ ಅಯ್ಯಂಗಾರ್ ಎಂಬ ಅಧಿಕಾರಿ. ಇಬ್ಬರೂ ಒಬ್ಬರೇ. 1943ರಲ್ಲಿ ತಮಗೆ ಅನ್ಯಾಯವಾಯಿತೆನಿಸಿದಾಗ ಅದೇ ಕೈಯಿಂದ ರಾಜೀನಾಮೆಗೂ ರುಜು ಹಾಕಿದರು.

“ದೊಡ್ಡಪ್ಪ, ಮಾಸ್ತಿಯವರ ರುಜು ಈಗ ಹರಾಜಿಗೆ ಬಂದರೆ ಎಷ್ಟಾಗಬಹುದು?”

ಅದು ಯಾವ ಕಾಗದದ ಮೇಲಿದೆ ಎಂಬುದರ ಮೇಲೆ ಹೋಗುತ್ತದೆ ಎಂದೆ. ಗೆಳೆಯನಿಗೆ ಕೊಟ್ಟ ಪುಸ್ತಕದ ಮೊದಲ ಪುಟದ ಮೇಲಿದ್ದರೆ ಒಂದು, ಜಮಾಬಂದಿ ಕಾಗದದ ಮೇಲಿದ್ದರೆ ಇನ್ನೊಂದು. ಸರ್ಕಾರಿ ಕಡತದಿಂದ ಕಿತ್ತ ಹಾಳೆಯಾದರೆ ಎಷ್ಟು ಬೆಲೆಬಾಳಿದರೂ ಕಳವಿನ ಮಾಲೇ. ಇನ್ನೂ ಒಂದು ಮಾತು, ಹಳೆಯ ಕಾಗದ ಪತ್ರ ಇರುವ ಮನೆಯವರು ತಿಳಿದಿರಬೇಕಾದದ್ದು. 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಸಾಹಿತ್ಯಿಕ, ಚಾರಿತ್ರಿಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷವಾದರೆ ಅದು ಪುರಾತನ ವಸ್ತು. ಅದನ್ನು ಹೊರದೇಶದ ಹರಾಜಿಗೆ ಖಾಸಗಿಯಾಗಿ ಕಳಿಸುವಂತಿಲ್ಲ.

ಬೆಲೆಯ ವಿಷಯದಲ್ಲಿ ಇನ್ನೊಂದು ವಿಚಿತ್ರ. ಕ್ರಿಕೆಟ್ಟಿನ ಡಾನ್ ಬ್ರಾಡ್ಮನ್ ತಮಗೆ ಬಂದ ಪತ್ರಗಳಿಗೆ ಶ್ರದ್ಧೆಯಿಂದ ರುಜು ಹಾಕಿ ಕಳಿಸುತ್ತಿದ್ದರು. ಹಾಗಾಗಿ ಆಟದಲ್ಲಿ ಅವರ ಸಮಾನರಿಲ್ಲದಿದ್ದರೂ ಅವರ ರುಜು ಅಪರೂಪವಲ್ಲ. ಕೊಡುಗೈ ಇದ್ದವರ ರುಜು ಅಗ್ಗ, ಜಿಪುಣರದು ದುಬಾರಿ!

ಹಿಂದಿರುಗುವಾಗ ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಇಳಿದೆವು. ಗಂಗರ ಕಾಲದ ಕುವಲಾಲಪುರ ಇದು. ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ನಮ್ಮ ಹಳೆಯ ದಾನಶಾಸನಗಳನ್ನು ಓದಿದರೆ ಕೊಟ್ಟವರು ಯಾರು, ಎದುರಿಗಿದ್ದವರು ಯಾರು, ಬರೆದವರು ಯಾರು ಎಂಬ ವಿವರ ಎಷ್ಟೋ ಕಡೆ ಸಿಗುತ್ತದೆ. ಸಾಕ್ಷಿಯಿಲ್ಲದ ದಾನಕ್ಕೆ ಆಗಲೂ ನಂಬಿಕೆ ಕಡಿಮೆ. ಇವತ್ತೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಮೀನಿನ ಪತ್ರಕ್ಕೆ ಸಾಕ್ಷಿಗಳ ರುಜು ಬೇಕು. ನಕಲಿ ಹಾವಳಿ ಕಂಡ ಅಮೆರಿಕದ ಬೇಸ್‌ಬಾಲ್ ಮಂಡಳಿಯೂ 2001ರಲ್ಲಿ ಇದೇ ದಾರಿಗೆ ಬಂತು. ಆಟಗಾರ ರುಜು ಹಾಕುವಾಗ ಮಂಡಳಿಯ ಸಾಕ್ಷಿಯೊಬ್ಬ ಪಕ್ಕದಲ್ಲಿ ನಿಂತಿರುತ್ತಾನೆ, ಕೂಡಲೇ ಸಂಖ್ಯೆಯುಳ್ಳ ಹೊಲೊಗ್ರಾಂ ಚೀಟಿ ಅಂಟಿಸುತ್ತಾನೆ. ಕಣ್ಣಾರೆ ನೋಡಿದ ಸಾಕ್ಷಿ ಬೇರೆ, ಆಮೇಲೆ ನೋಡಿ ‘ಅಸಲಿಯಂತೆ ಕಾಣುತ್ತದೆ’ ಎನ್ನುವ ಪರಿಣತ ಬೇರೆ. ಪಿಎಸ್‌ಎ ಮುಂತಾದ ಖಾಸಗಿ ಸಂಸ್ಥೆಗಳು ಕೊಡುವುದು ಹೆಚ್ಚಾಗಿ ಎರಡನೆಯ ಬಗೆಯ ಮಾತು. ಅದಕ್ಕೂ ಬೆಲೆಯಿದೆ, ಆದರೆ ಅದು ಅಭಿಪ್ರಾಯ.

ಆ ರಾತ್ರಿ ಹುಡುಗ ಮಾರುವವನಿಗೆ ಮೂರು ಪ್ರಶ್ನೆ ಬರೆದ. ರುಜು ಹಾಕಿದ್ದನ್ನು ನೋಡಿದವರು ಯಾರು? ಯಾವ ವರ್ಷ, ಎಲ್ಲಿ? ಕಾರ್ಡಿನ ಹಿಂಭಾಗದ ಚಿತ್ರ ಕಳಿಸಬಹುದೇ? ಇಂಗ್ಲಿಷ್ ಚೆನ್ನಾಗಿಯೇ ಇತ್ತು.

ಟವೆಲ್ಲಿನ ಕೆಳಗಿನ ಬೆರಳು

ಮುಳಬಾಗಿಲು ಮೂಡಣ ಬಾಗಿಲು. ತಿರುಪತಿಗೆ ಹೋಗುವವರು ಇಲ್ಲಿಯ ಆಂಜನೇಯನಿಗೆ ಕೈಮುಗಿದು ಮುಂದೆ ಹೋಗುತ್ತಾರೆ, ಇನ್ನು ಕೆಲವರು ದೋಸೆಗೆ ಕೈಮುಗಿಯುತ್ತಾರೆ. ದಪ್ಪಗೆ, ಅಂಚು ಕೆಂಪಗೆ ಬೆಂದ ಮುಳಬಾಗಿಲು ದೋಸೆಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಊರಿಗೆ ಹತ್ತಿರದ ಆವಣಿಯ ದನಗಳ ಜಾತ್ರೆ ಈ ಕಡೆ ಹೆಸರುವಾಸಿ. ದಾರಿಯಲ್ಲಿ ಅದರ ಮಾತು ಬಂತು. ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಬಾಯಿಯಲ್ಲಿ ನಡೆಯುವುದಿಲ್ಲ. ದಲ್ಲಾಳಿ ಟವೆಲ್ಲನ್ನು ಕೈಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಟವೆಲ್ ಮಾತ್ರ ಕಾಣುತ್ತದೆ.

“ಇದು ಪ್ರಾಕ್ಸಿ ಬಿಡ್ ಥರಾನೇ ಇದೆ ದೊಡ್ಡಪ್ಪ!” ಎಂದ ಹುಡುಗ.

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ಇಂಟರ್‌ನೆಟ್ ಹರಾಜಿನಲ್ಲಿ ನೀವು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಬರೆದಿಡಬಹುದು. ನೀವು 40 ಡಾಲರ್ ಎಂದು ಬರೆದು, ಎರಡನೆಯವನ ಮಿತಿ 30 ಆಗಿದ್ದರೆ ಯಂತ್ರ ನಿಮ್ಮಿಂದ 30ರ ಮೇಲೆ ಒಂದು ಮೆಟ್ಟಿಲಷ್ಟೇ ಕೀಳುತ್ತದೆ. ಟವೆಲ್ಲಿನ ಕೆಳಗೆ ಬೆರಳು ಉಳಿದುಕೊಂಡಿರುತ್ತದೆ. ಗೆದ್ದವನು ಎರಡನೆಯವನ ಬೆಲೆ ಕೊಡುವ ಈ ಉಪಾಯವನ್ನು ಅಂಚೆಚೀಟಿ ಹರಾಜಿನವರು 19ನೇ ಶತಮಾನದ ಕೊನೆಗೇ ಬಳಸುತ್ತಿದ್ದರು. ಅದರ ತರ್ಕವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಬಿಡಿಸಿಟ್ಟ. ಇಂಥ ಹರಾಜಿನಲ್ಲಿ ನಿಮಗೆ ಆ ವಸ್ತು ಎಷ್ಟು ಬಾಳುತ್ತದೋ ಅಷ್ಟನ್ನೇ ನಿಜವಾಗಿ ಬರೆಯುವುದು ಲಾಭ, ಆಟ ಕಟ್ಟುವುದರಿಂದ ಪ್ರಯೋಜನವಿಲ್ಲ ಎಂಬುದು ಅವನ ಮಾತಿನ ಸಾರ. 1996ರಲ್ಲಿ ನೊಬೆಲ್ ಬಂತು. ಪ್ರಕಟಣೆಯಾದ ಮೂರೇ ದಿನಕ್ಕೆ ಆತ ತೀರಿಕೊಂಡ, ಪಾಪ.

ತಮ್ಮ ಇದನ್ನು ತನ್ನ ಭಾಷೆಯಲ್ಲಿ ಹೇಳಿದ. “ಮನೆ ಬಿಡೋವಾಗ್ಲೇ ಎಷ್ಟಕ್ಕೆ ನಿಲ್ಲಿಸ್ಬೇಕು ಅಂತ ಮನಸ್ಸಲ್ಲಿ ಬರ್ಕೊಂಡಿರ್ಬೇಕು. ಮಂಡಿಗೆ ಹೋದ್ಮೇಲೆ ಲೆಕ್ಕ ಹಾಕೋನು ಮುಳುಗ್ದ.” ಆದರೆ ಜನ ಹಾಗೆ ಮಾಡುವುದಿಲ್ಲವಲ್ಲ! ಕೊನೆಯ ನಿಮಿಷದಲ್ಲಿ ಹುರುಪು ಏರುತ್ತದೆ. ಕೊನೆಯ ಕ್ಷಣಕ್ಕೆಂದೇ ಕಾದು ಕೂತು ಬಿಡ್ ಹಾರಿಸುವವರು ಒಂದು ಕಡೆ. ಮಾರುವವನದೇ ಕಡೆಯವರು ಬೇರೆ ಹೆಸರಿನಲ್ಲಿ ಬೆಲೆ ಏರಿಸುವುದು ಇನ್ನೊಂದು ಕಡೆ. ಅದು ಅಲ್ಲೂ ನಿಷಿದ್ಧ, ಇಲ್ಲೂ ನಿಷಿದ್ಧ.

ಮುಳಬಾಗಿಲಿನಲ್ಲಿ ಡಿವಿಜಿಯವರ ನೆನಪಾಗದೆ ಇರುವುದಿಲ್ಲ. 1887ರ ಮಾರ್ಚ್ 17ರಂದು ಡಿ.ವಿ. ಗುಂಡಪ್ಪನವರು ಹುಟ್ಟಿದ ಊರು. ಮೆಟ್ರಿಕ್ಯುಲೇಷನ್ ದಾಟದ ಹುಡುಗ, 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಕೊಟ್ಟ. ಅಂಕಪಟ್ಟಿ ನೋಡಿ ಮಕ್ಕಳನ್ನು ಅಳೆಯುವ ತಂದೆ ತಾಯಿಯರು ಇದನ್ನು ಒಮ್ಮೆ ನೆನೆಯಬಹುದು. ನಾನು ಹೇಳಹೊರಟದ್ದು ಬೇರೆ. ಅವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ, ಸರ್ಕಾರದ ಕೆಲಸಕ್ಕಾಗಿ ಬಂದಿದ್ದ ಗೌರವಧನದ ಚೆಕ್ಕುಗಳು ನಗದಾಗದೆ ಹಾಗೆಯೇ ಸಿಕ್ಕವು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಚೆಕ್ಕಿನ ಹಿಂದೆ ಒಂದು ರುಜು ಹಾಕಿದ್ದರೆ ದುಡ್ಡಾಗುತ್ತಿತ್ತು. ಹಾಕಲಿಲ್ಲ. 1970ರಲ್ಲಿ ಸನ್ಮಾನದಲ್ಲಿ ಬಂದ ಹಣವನ್ನೂ ತಾವು ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟುಬಿಟ್ಟರು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಏನು ಯೋಚಿಸುತ್ತಿದ್ದನೋ ನಾನು ಕೇಳಲಿಲ್ಲ.

ನೆಂಟರ ಮನೆಯಲ್ಲಿ ಊಟ ಮುಗಿಸುವ ಹೊತ್ತಿಗೆ ಮಾರುವವನ ಉತ್ತರ ಬಂದಿತ್ತು. ಒಂದೇ ಸಾಲು. ತನಗೂ ಅದು ಬೇರೊಂದು ಹರಾಜಿನಲ್ಲಿ ಸಿಕ್ಕಿದ್ದು, ರುಜು ಹಾಕಿದ್ದನ್ನು ನೋಡಿಲ್ಲ, ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಕಾರ್ಡಿನ ಹಿಂಭಾಗದ ಚಿತ್ರ ಇರಲಿಲ್ಲ. ಸವಾಲು ಆಗಲೇ 41 ಡಾಲರ್, ಅಂದರೆ ಸುಮಾರು ಮೂರೂವರೆ ಸಾವಿರ ರೂಪಾಯಿ.

ಅಪ್ಪ ಮಗ ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದರು. ರುಜು ಖೋಟಾ ಆಗಿದ್ದರೆ ಉಳಿಯುವುದು ಬರೀ ಕಾರ್ಡು. ರುಜು ಇಲ್ಲದ ಅದೇ ಕಾರ್ಡು ಎಷ್ಟಕ್ಕೆ ಸಿಗುತ್ತದೆ? ಹುಡುಕಿದಾಗ ಮೂರು ಡಾಲರ್‌ಗೆ ಸಿಗುತ್ತಿತ್ತು. ಹಾಗಾದರೆ ಉಳಿದ 38 ಡಾಲರ್ ಪೂರ್ತಿ ನಂಬಿಕೆಗೆ ಕೊಡುವ ಬೆಲೆ. ನಂಬಿಕೆ ಅರ್ಧವೇ ಇದ್ದರೆ ಬೆಲೆಯೂ ಅರ್ಧ ಇರಬೇಡವೇ? ಹುಡುಗ 22 ಎಂದು ಗೆರೆ ಹಾಕಿದ. ಸವಾಲು ಅದನ್ನು ದಾಟಿ ಎಷ್ಟೋ ಹೊತ್ತಾಗಿತ್ತು. ಮೊಬೈಲನ್ನು ಜೇಬಿಗಿಟ್ಟ. ಮುಖದಲ್ಲಿ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರ್ಡು ಕೊನೆಗೆ 57 ಡಾಲರ್‌ಗೆ ಹೋಯಿತೆಂದು ಆಮೇಲೆ ತಿಳಿಯಿತು. ಯಾರು ಕೊಂಡರೋ, ಅಸಲಿಯೋ ನಕಲಿಯೋ, ದೇವರೇ ಬಲ್ಲ.

ಇನ್ನೊಂದು ದಾರಿ ಇದೆ ಎಂದು ನಾನೇ ಹೇಳಿದೆ. ಕಾರ್ಡು ಕೂಡಿಸುವವರು ಬಹಳ ಹಿಂದಿನಿಂದ ಮಾಡುತ್ತಾ ಬಂದಿರುವುದೇ. ಆಟಗಾರನಿಗೆ ಒಂದು ಕಾಗದ ಬರೆಯುವುದು, ಜೊತೆಗೆ ಕಾರ್ಡನ್ನೂ, ಅಂಚೆಚೀಟಿ ಹಚ್ಚಿದ ಮರುವಿಳಾಸದ ಲಕೋಟೆಯನ್ನೂ ಇಡುವುದು. ನಿವೃತ್ತರಾದವರು ಎಷ್ಟೋ ಜನ ಉತ್ತರ ಕೊಡುತ್ತಾರೆ. ನಮ್ಮಲ್ಲಿ ಶಿವರಾಮ ಕಾರಂತರು ಬಂದ ಪತ್ರಗಳಿಗೆಲ್ಲ ಉತ್ತರ ಬರೆಯುತ್ತಿದ್ದರು, ಅವರ ಕಾರ್ಡುಗಳನ್ನು ಇಂದಿಗೂ ಜೋಪಾನವಾಗಿಟ್ಟವರಿದ್ದಾರೆ. ಹುಡುಗನ ಕಟ್ಟಿನಲ್ಲಿ ಅದೇ ಪಿಚರನ ರುಜುವಿಲ್ಲದ ಕಾರ್ಡೊಂದು ಇತ್ತು. ಅಮೆರಿಕದ ಅಂಚೆಚೀಟಿ ಇಲ್ಲಿ ಸಿಗುವುದಿಲ್ಲವಾದ್ದರಿಂದ ಸೋದರಮಾವನ ಮೂಲಕ ಕಳಿಸಬೇಕು. ಕಾಗದದಲ್ಲಿ ಏನು ಬರೆಯಲಿ ಎಂದು ಕೇಳಿದ. ನಿನ್ನ ಊರಿನ ಬಗ್ಗೆ ಬರೆ, ಟೊಮೆಟೊ ಬಗ್ಗೆ ಬರೆ, ಆತನಿಗೆ ಗೊತ್ತಿರುವುದಿಲ್ಲ ಎಂದೆ.

ಮಾವಿನ ಮಂಡಿಯಲ್ಲಿ

ಶ್ರೀನಿವಾಸಪುರ ಕೋಲಾರದಿಂದ ಸುಮಾರು 25 ಕಿಲೋಮೀಟರ್. ಊರು ಸಮೀಪಿಸುವ ಮೊದಲೇ ಎರಡೂ ಕಡೆ ಮಾವಿನ ತೋಪು. ಬಾದಾಮಿ, ರಸಪುರಿ, ಬೇನಿಶಾ, ಮಲ್ಲಿಕಾ, ನೀಲಂ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. ತೋತಾಪುರಿ ತಿನ್ನುವುದಕ್ಕಿಂತ ತಿರುಳು ತೆಗೆಯುವುದಕ್ಕೆ ಹೆಚ್ಚು. ತಿರುಳಿನ ಕಾರ್ಖಾನೆಗಳು ಬಹಳಷ್ಟು ಇರುವುದು ಗಡಿಯಾಚೆಯ ಚಿತ್ತೂರಿನಲ್ಲಿ. ನಾವು ಹೋದಾಗ ಮಂಡಿಯಲ್ಲಿ ಕಳೆ ಇರಲಿಲ್ಲ. ಅದೇ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರದಂತೆ ತಡೆದಿತ್ತು, ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದಿದ್ದರು. ಹರಾಜಿನ ಕಟ್ಟೆ ಅದೇ, ಹಣ್ಣು ಅದೇ. ಕೂಗುವವರಲ್ಲಿ ಅರ್ಧ ಜನ ಬರದಿದ್ದರೆ ಬೆಲೆ ನೆಲಕ್ಕೆ ಬೀಳುತ್ತದೆ ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕ ಇಲ್ಲದೆಯೇ ಅಲ್ಲಿ ನೋಡಬಹುದಿತ್ತು. ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ರೈತರೊಬ್ಬರನ್ನು ತಮ್ಮ ಮಾತಾಡಿಸಿದ. “ಏನಪ್ಪಾ ಮಾಡೋದು, ಕಿತ್ತ ಕೂಲಿ ಹುಟ್ಟಿದ್ರೆ ಸಾಕಾಗಿದೆ” ಎಂದರು ಅವರು.

ಬಾದಾಮಿಗೆ ಮಾತ್ರ ಗಿರಾಕಿ ಇದ್ದರು. ತಮ್ಮ ಎರಡು ಬಾಕ್ಸು ಕೊಳ್ಳಬೇಕೆಂದಿದ್ದ. ಆರಿಸುವ ಕೆಲಸ ಮಗನಿಗೆ ಬಿಟ್ಟ. ಮಂಡಿಯವರು ಮೇಲಿನ ಹುಲ್ಲು ಸರಿಸಿ ಹಣ್ಣಿನ ಸಾಲು ತೋರಿಸಿದರು, ಒಂದೊಂದೂ ಬಂಗಾರದ ಬಣ್ಣ. ಹುಡುಗ ಅವನ್ನು ನೋಡಲಿಲ್ಲ. ತೋಳು ಮಡಿಸಿ, ಬಾಕ್ಸಿನ ಮೂಲೆಯಲ್ಲಿ ಕೈ ಇಳಿಸಿ, ಅಡಿಯಿಂದ ಒಂದು ಹಣ್ಣು ತೆಗೆದು ತೊಟ್ಟಿನ ಹತ್ತಿರ ಮೂಗಿಟ್ಟ. ಮಂಡಿಯವರು ನಕ್ಕು, “ಯಾರ ಮಗ ಇವ್ನು? ವ್ಯಾಪಾರ ಬಲ್ಲ” ಎಂದರು.

ಈ ಕಡೆ ಹೋಗುವವರಿಗೆ ಒಂದೆರಡು ಮಾತು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ರೈಲು ಮಾರ್ಗವಿದೆ, ಆದರೆ ಬಸ್ಸೇ ಅನುಕೂಲ. ಮಾವಿನ ಮಂಡಿ ಮೇ ತಿಂಗಳಿಂದ ಜುಲೈವರೆಗೆ ಜೋರು. ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗಿ. ಲಾರಿಗಳು ಒಳಗೆ ಬರುವ ಹೊತ್ತಿನಲ್ಲಿ ದಾರಿಗೆ ಅಡ್ಡ ನಿಲ್ಲಬೇಡಿ, ಹರಾಜು ಕೂಗುವವರ ಹತ್ತಿರ ಕೈ ಎತ್ತಿ ತಲೆ ಕೆರೆದುಕೊಳ್ಳಬೇಡಿ. ತೋತಾಪುರಿಯನ್ನು ಕಾಯಿಯಾಗಿದ್ದಾಗ ಉಪ್ಪು ಖಾರ ಹಚ್ಚಿ ಮಾರುವ ಗಾಡಿಗಳು ರಸ್ತೆಯಲ್ಲೇ ಸಿಗುತ್ತವೆ.